ಕಿಟಕಿಯಾಚೆಯ ಪ್ರಯೋಗಾಲಯ: ಪದವಿ ತರಗತಿಯ ಪ್ರಾಣಿಶಾಸ್ತ್ರಕ್ಕೆ ಜೀವ ಬರುವುದೆಂದು?

ನಮ್ಮ ವರದಿಗಾರರಿಂದ

ನರಿಮೊಗರು (ಪುತ್ತೂರು): ಹೆಸರಿನಲ್ಲೇ ಒಂದು ಪ್ರಾಣಿಯನ್ನು ಇಟ್ಟುಕೊಂಡಿರುವ ಊರಿದು. ಪುತ್ತೂರು ಪೇಟೆಯಿಂದ ಕೆಲವೇ ಕಿಲೋಮೀಟರ್ ದೂರ. ಮಂಗಳೂರಿನಿಂದ ಸುಬ್ರಹ್ಮಣ್ಯದ ಕಡೆಗೆ ಹೋಗುವ ರೈಲು ಕಬಕ ಪುತ್ತೂರು ನಿಲ್ದಾಣ ದಾಟಿದ ಬಳಿಕ ಸಿಗುವ ಸಣ್ಣ ನಿಲ್ದಾಣ. ಸುತ್ತ ಅಡಿಕೆ ತೋಟ, ಗೇರು ಮರ, ರಬ್ಬರು, ಮುರಕಲ್ಲಿನ ಗುಡ್ಡ. ಮಳೆಗಾಲದ ಒಂದು ಸಂಜೆ ಇಲ್ಲಿ ನಿಂತರೆ ಕಿವಿಗೆ ಬೀಳುವ ಕಪ್ಪೆಗಳ ಕೂಗಿನಲ್ಲೇ ಹಲವು ಬಗೆಗಳನ್ನು ಬೇರ್ಪಡಿಸಬಹುದು. ಮನೆಯ ಮಾಡಿನಂಚಿನಲ್ಲಿ ಕಣಜ ಗೂಡು ಕಟ್ಟುತ್ತದೆ, ಅಡಿಕೆ ಮರದಿಂದ ಮರಕ್ಕೆ ಹಾರುವ ಓತಿ ತೇಲಿ ಹೋಗುತ್ತದೆ, ಗೇರು ಮರದ ಎಲೆಗಳನ್ನು ಚಗಳಿ ಇರುವೆ ಹೊಲಿಯುತ್ತದೆ.

ಇಂಥ ಊರುಗಳಿಂದ ಪ್ರತಿದಿನ ಬಸ್ಸು ಹತ್ತಿ ಪುತ್ತೂರು, ಸುಳ್ಯ, ಮಂಗಳೂರಿನ ಕಾಲೇಜುಗಳಿಗೆ ಹೋಗುವ ಬಿಎಸ್ಸಿ ವಿದ್ಯಾರ್ಥಿಗಳು ಅಲ್ಲಿ ಓದುವುದೂ ಪ್ರಾಣಿಶಾಸ್ತ್ರವನ್ನೇ. ಆದರೆ ಆ ಪ್ರಾಣಿಶಾಸ್ತ್ರಕ್ಕೂ ಈ ಪ್ರಾಣಿಗಳಿಗೂ ಸಂಬಂಧವಿರುವುದು ಅಪರೂಪ. ಗಾಜಿನ ಜಾಡಿಯೊಳಗೆ ಫಾರ್ಮಲಿನ್‌ನಲ್ಲಿ ಮುಳುಗಿದ ಮಾದರಿ, ಗೋಡೆಗೆ ತೂಗುಹಾಕಿದ ಪಟ, ಮೂರು ಬಣ್ಣದ ಪೆನ್ಸಿಲಿನಲ್ಲಿ ಬಿಡಿಸಿದ ರೆಕಾರ್ಡ್ ಪುಸ್ತಕ, ಇವುಗಳ ಆಚೆಗೆ ಮೂರು ವರ್ಷದಲ್ಲಿ ಒಂದು ಜೀವಂತ ಪ್ರಾಣಿಯ ಕುರಿತು ಒಂದೇ ಒಂದು ಸ್ವಂತ ಪ್ರಶ್ನೆಯನ್ನೂ ಕೇಳದೆ ಪದವಿ ಮುಗಿಸುವವರು ಬಹಳ.

ಈ ಲೇಖಕನೂ ಅದಕ್ಕೆ ಹೊರತಲ್ಲ. ಪದವಿಪೂರ್ವ ತರಗತಿಯಲ್ಲಿ ಜೀವಶಾಸ್ತ್ರದ ರೆಕಾರ್ಡ್ ಪುಸ್ತಕ ಬರೆದದ್ದು ಜಾಡಿಯನ್ನು ನೋಡಿಯೂ ಅಲ್ಲ, ಹಿಂದಿನ ವರ್ಷದ ವಿದ್ಯಾರ್ಥಿಯೊಬ್ಬರ ಪುಸ್ತಕ ನೋಡಿ. ಅವರು ಬಿಟ್ಟಿದ್ದ ತಪ್ಪೊಂದು ನಮ್ಮೆಲ್ಲರ ಪುಸ್ತಕಕ್ಕೂ ದಾಟಿತ್ತು. ಅದಕ್ಕೆ ಅಂಕವೂ ಬಂದಿತ್ತು. ನೋಡದೆ ಬರೆದ ಚಿತ್ರಕ್ಕೆ ಅಂಕ ಸಿಗುವುದಾದರೆ ನೋಡುವ ತೊಂದರೆ ಯಾರಿಗೆ ಬೇಕು? ಪದವಿ ಮಟ್ಟದ ಜೀವಶಾಸ್ತ್ರ ಬೋಧನೆಯ ಸುಧಾರಣೆಯ ಚರ್ಚೆ ಆರಂಭವಾಗಬೇಕಾದದ್ದು ಈ ಪ್ರಶ್ನೆಯಿಂದಲೇ.

ಕತ್ತರಿ ಕೆಳಗಿಟ್ಟ ಮೇಲೆ

ದಶಕಗಳ ಕಾಲ ಪ್ರಾಣಿಶಾಸ್ತ್ರದ ಪ್ರಯೋಗಾಲಯವೆಂದರೆ ಛೇದನ. ಕಪ್ಪೆ, ಎರೆಹುಳು, ಜಿರಳೆ, ಇಲಿ, ಸಣ್ಣ ಶಾರ್ಕ್ ಮೀನು, ಹೀಗೆ ಒಂದೊಂದನ್ನೇ ಮೇಣದ ತಟ್ಟೆಯ ಮೇಲೆ ಚುಚ್ಚಿ ನರವ್ಯೂಹವನ್ನೋ ರಕ್ತನಾಳವನ್ನೋ ಬಿಡಿಸಿ ತೋರಿಸುವುದು ಪರೀಕ್ಷೆಯ ಮುಖ್ಯ ಭಾಗವಾಗಿತ್ತು. ಇದಕ್ಕಾಗಿ ದೇಶದಾದ್ಯಂತ ಅಪಾರ ಸಂಖ್ಯೆಯ ಪ್ರಾಣಿಗಳನ್ನು ಕಾಡು, ಗದ್ದೆ, ಕಡಲಿನಿಂದ ಹಿಡಿದು ತರಲಾಗುತ್ತಿತ್ತು.

ವಿಶ್ವವಿದ್ಯಾಲಯ ಅನುದಾನ ಆಯೋಗವು 2011ರಲ್ಲಿ ಛೇದನವನ್ನು ಹಂತಹಂತವಾಗಿ ಕೈಬಿಡುವಂತೆ ಮಾರ್ಗಸೂಚಿ ಹೊರಡಿಸಿತು. 2014ರ ಆಗಸ್ಟ್‌ನಲ್ಲಿ ಪ್ರಾಣಿಶಾಸ್ತ್ರ ಹಾಗೂ ಜೀವವಿಜ್ಞಾನದ ಪದವಿ, ಸ್ನಾತಕೋತ್ತರ ತರಗತಿಗಳ ಪಾಠಕ್ರಮದಿಂದ ಛೇದನವನ್ನು ಸಂಪೂರ್ಣವಾಗಿ ತೆಗೆದುಹಾಕುವಂತೆ ಸೂಚಿಸಿತು. ನಿರ್ಧಾರ ಸರಿಯಾದುದೇ. ಶತಮಾನದ ಹಿಂದೆಯೇ ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ಚಿತ್ರವೊಂದನ್ನು ಮತ್ತೆ ಕಾಣಲು ಪ್ರತಿ ವಿದ್ಯಾರ್ಥಿಗೂ ಒಂದು ಕಪ್ಪೆಯ ಜೀವ ಬೇಕಿರಲಿಲ್ಲ.

ಆದರೆ ಕತ್ತರಿ ಹೋದ ಜಾಗಕ್ಕೆ ಬಂದದ್ದೇನು ಎಂಬುದು ಬೇರೆಯೇ ಪ್ರಶ್ನೆ. ಅನೇಕ ಕಡೆ ಬಂದದ್ದು ಪಟ, ಸ್ಲೈಡ್ ಮತ್ತು ಕಂಪ್ಯೂಟರ್ ಪರದೆಯ ಮೇಲಿನ ಛೇದನ. ಅಂದರೆ ಸತ್ತ ಪ್ರಾಣಿಯ ಬದಲು ಸತ್ತ ಪ್ರಾಣಿಯ ಚಿತ್ರ. ಕೈಕೆಲಸವಾದರೂ ಇದ್ದ ತರಗತಿಯಲ್ಲಿ ಈಗ ಅದೂ ಇಲ್ಲವಾಯಿತು. ಛೇದನದ ನಿಷೇಧವು ನಿಜಕ್ಕೂ ತೆರೆದಿಟ್ಟ ಅವಕಾಶ ಇನ್ನೊಂದಿತ್ತು. ಸತ್ತ ಪ್ರಾಣಿಯನ್ನು ಬಿಟ್ಟು ಬದುಕಿರುವ ಪ್ರಾಣಿಯತ್ತ ತಿರುಗುವುದು. ಆ ದಾರಿ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ಉಜ್ವಲ ಉದಾಹರಣೆಯಿದೆ.

ಕಾಲೇಜಿನ ಕಿಟಕಿಯ ಕಣಜ

ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಕಿಟಕಿಗಳಲ್ಲಿ ಒಂದು ಬಗೆಯ ಕಂದು ಕಣಜಗಳು ಗೂಡು ಕಟ್ಟುತ್ತಿದ್ದವು. ಅದನ್ನು ಕುತೂಹಲದಿಂದ ನೋಡುತ್ತಿದ್ದ ವಿದ್ಯಾರ್ಥಿಗಳಲ್ಲಿ ಒಬ್ಬರು ರಾಘವೇಂದ್ರ ಗದಗಕರ್. ಮುಂದೆ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರದಲ್ಲಿ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. ಆದರೆ ಕಿಟಕಿಯ ಕಣಜ ಅವರನ್ನು ಬಿಡಲಿಲ್ಲ. ಅದೇ ಸಂಸ್ಥೆಯಲ್ಲಿ ಉಳಿದು ತಮ್ಮ ವೃತ್ತಿಜೀವನವನ್ನು ಅದರ ಅಧ್ಯಯನಕ್ಕೇ ಮುಡಿಪಾಗಿಟ್ಟರು. ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಆ ಕಣಜದ ಸಾಮಾಜಿಕ ಜೀವನದ ಕುರಿತ ಅವರ ಗ್ರಂಥವನ್ನು 2001ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಪ್ರಕಟಿಸಿತು.

ಇದು ದಕ್ಷಿಣ ಭಾರತದಲ್ಲಿ ಸಾಮಾನ್ಯವಾಗಿ ಕಾಣುವ ಕಣಜ. ಮರದ ನಾರನ್ನು ಜಗಿದು, ಕಾಗದದಂಥ ವಸ್ತು ಮಾಡಿ, ತೆರೆದ ಕೋಣೆಗಳ ಗೂಡು ಕಟ್ಟುತ್ತದೆ. ಗೂಡಿಗೆ ಹೊದಿಕೆಯಿಲ್ಲ. ಹಾಗಾಗಿ ಒಳಗಿನ ವ್ಯವಹಾರವೆಲ್ಲ ಹೊರಗೇ ಕಾಣುತ್ತದೆ. ಸಂಶೋಧಕರು ಮಾಡಿದ ಮೊದಲ ಕೆಲಸ ತೀರ ಸರಳ. ಪ್ರತಿ ಕಣಜದ ಮೈಮೇಲೆ ಬೇರೆ ಬೇರೆ ಬಣ್ಣದ ಚುಕ್ಕೆಯಿಟ್ಟು ಗುರುತು ಮಾಡಿದರು. ಬಳಿಕ ಗಂಟೆಗಟ್ಟಲೆ ಕುಳಿತು ಯಾವ ಕಣಜ ಎಷ್ಟು ಹೊತ್ತು ಏನು ಮಾಡುತ್ತದೆ ಎಂದು ಬರೆದುಕೊಂಡರು.

ಗದಗಕರ್ ಮತ್ತು ಎನ್. ವಿ. ಜೋಶಿ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಲೆಕ್ಕಗಳಿಂದಲೇ ಮೂರು ಗುಂಪುಗಳು ಮೂಡಿಬಂದವು. ಹೆಚ್ಚು ಹೊತ್ತು ಸುಮ್ಮನೆ ಕುಳಿತಿರುವವು, ಜಗಳ ಕಾಯುವವು, ಆಹಾರ ತರಲು ಹೊರಗೆ ಅಲೆಯುವವು. ಗೂಡಿನ ಏಕೈಕ ರಾಣಿ ಎಲ್ಲಿದ್ದಾಳೆಂದು ಹುಡುಕಿದರೆ ಅವಳಿದ್ದದ್ದು ಜಗಳಗಂಟರಲ್ಲಲ್ಲ, ಕುಳಿತಿರುವವರ ಗುಂಪಿನಲ್ಲಿ! ಅದರ ಹತ್ತಿರದ ಬಂಧುವಾದ ಇನ್ನೊಂದು ಕಣಜದಲ್ಲಿ ರಾಣಿ ಜಗಳಗಂಟಿಯೇ. ಎರಡು ಬಂಧುಗಳ ನಡುವೆ ಇಷ್ಟು ಅಂತರವೇಕೆ ಎಂಬುದು ಅಲ್ಲಿಂದ ಮುಂದಿನ ಪ್ರಶ್ನೆಯಾಯಿತು.

ಸಾಧು ರಾಣಿ ಗೂಡನ್ನು ಆಳುವುದು ಹೇಗೆ? ಉತ್ತರಕ್ಕಾಗಿ ರಾಣಿಯನ್ನು ಗೂಡಿನಿಂದ ತೆಗೆದು ನೋಡಿದರು. ಸ್ವಲ್ಪ ಹೊತ್ತಿನಲ್ಲೇ ಕೆಲಸಗಾರ್ತಿಯೊಬ್ಬಳು ಏಕಾಏಕಿ ಉಗ್ರಳಾಗಿ ಉಳಿದವರ ಮೇಲೆರಗತೊಡಗಿದಳು. ರಾಣಿಯನ್ನು ಮರಳಿ ತಂದಿಟ್ಟರೆ ಆಕೆ ಮತ್ತೆ ಸಾಮಾನ್ಯ ಕೆಲಸಗಾರ್ತಿ. ತರದಿದ್ದರೆ ಸುಮಾರು ಒಂದು ವಾರದಲ್ಲಿ ಆಕೆ ಮೊಟ್ಟೆಯಿಡುತ್ತಾಳೆ, ಉಗ್ರತೆ ಇಳಿದು ತಾನೂ ಸಾಧು ರಾಣಿಯಾಗುತ್ತಾಳೆ. ರಾಣಿ ತನ್ನ ಇರವನ್ನು ಸಾರುವುದು ಹೊಡೆದಾಟದಿಂದಲ್ಲ, ಮೈಯ ಗ್ರಂಥಿಯೊಂದರಿಂದ ಒಸರುವ ರಾಸಾಯನಿಕದ ಮೂಲಕ ಎಂಬುದಕ್ಕೆ ಬಳಿಕ ಸಾಕ್ಷ್ಯ ದೊರೆಯಿತು.

ವಿಶೇಷವೆಂದರೆ ರಾಣಿ ಇರುವವರೆಗೆ ಮುಂದಿನ ಉತ್ತರಾಧಿಕಾರಿ ಯಾರೆಂದು ನೋಡುವವರಿಗೆ ಊಹಿಸಲಾಗದು. ಕಣಜಗಳಿಗೆ ಮಾತ್ರ ಅದು ತಿಳಿದಿರುವಂತೆ ಕಾಣುತ್ತದೆ. ಅನಿಂದಿತಾ ಭದ್ರಾ ಮತ್ತು ಗದಗಕರ್ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗೂಡನ್ನು ಎರಡು ಭಾಗ ಮಾಡಿ ನಡುವೆ ಜಾಲರಿಯಿಟ್ಟು ಇದನ್ನು ಪರೀಕ್ಷಿಸಲಾಯಿತು. ಅಲೋಕ್ ಬ್ಯಾಂಗ್ ಅವರೊಂದಿಗಿನ 2012ರ ಅಧ್ಯಯನವು, ಒಬ್ಬರ ನಂತರ ಒಬ್ಬರಂತೆ ಸಿಂಹಾಸನಕ್ಕೆ ಸರತಿಯೇ ಇರುವುದನ್ನೂ ಅದಕ್ಕಾಗಿ ಬಹಿರಂಗ ಕಾದಾಟ ನಡೆಯದಿರುವುದನ್ನೂ ತೋರಿಸಿತು.

ಈ ಕಥೆಯನ್ನು ಇಷ್ಟು ದೀರ್ಘವಾಗಿ ಹೇಳಲು ಕಾರಣವಿದೆ. ಬಣ್ಣದ ಚುಕ್ಕೆ, ಗಡಿಯಾರ, ನೋಟ್ ಪುಸ್ತಕ, ಜಾಲರಿ, ಇವುಗಳಲ್ಲಿ ಯಾವುದು ಪುತ್ತೂರಿನ ಪೇಟೆಯಲ್ಲಿ ಸಿಗದು? ಪ್ರಪಂಚದ ಶ್ರೇಷ್ಠ ನಿಯತಕಾಲಿಕಗಳಲ್ಲಿ ಅಚ್ಚಾದ ಈ ಸಂಶೋಧನೆಯ ಮೂಲ ಸಲಕರಣೆ ತಾಳ್ಮೆ, ಮತ್ತು ಸರಿಯಾದ ಪ್ರಶ್ನೆ.

ಅಲ್ಪ ವೆಚ್ಚ, ಅನಲ್ಪ ಫಲ

ಇದೇ ಮಾತನ್ನು ವಿದ್ಯಾರ್ಥಿಗಳಿಗೆ ಮುಟ್ಟಿಸಲು ಗದಗಕರ್ ಇನ್ನೊಂದು ಪುಸ್ತಕ ಬರೆದಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 2021ರಲ್ಲಿ ಪ್ರಕಟಿಸಿದ 'ಎಕ್ಸ್‌ಪೆರಿಮೆಂಟ್ಸ್ ಇನ್ ಅನಿಮಲ್ ಬಿಹೇವಿಯರ್' ಎಂಬ ಆ ಗ್ರಂಥದ ಉಪಶೀರ್ಷಿಕೆಯ ತಾತ್ಪರ್ಯ, ಅತ್ಯಲ್ಪ ಖರ್ಚಿನಲ್ಲಿ ಮುಂಚೂಣಿಯ ಸಂಶೋಧನೆ ಎಂದು. ಅದಕ್ಕೂ ಮುನ್ನ ಅದರ ಅಧ್ಯಾಯಗಳು ಅಕಾಡೆಮಿಯ 'ರೆಸೊನೆನ್ಸ್' ಮಾಸಿಕದಲ್ಲಿ ಮಾಲೆಯಾಗಿ ಬಂದಿದ್ದವು. ಪದವಿ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಗಮನದಲ್ಲಿಟ್ಟು 1996ರಲ್ಲಿ ಆರಂಭವಾದ ಈ ಮಾಸಿಕದ ಹಳೆಯ ಸಂಚಿಕೆಗಳು ಅಂತರ್ಜಾಲದಲ್ಲಿ ಉಚಿತವಾಗಿ ಲಭ್ಯ.

ಪ್ರಾಣಿ ವರ್ತನೆಯ ಅಧ್ಯಯನದ ಇತಿಹಾಸವೇ ಇದಕ್ಕೆ ಸಾಕ್ಷಿ. ಹಾಲೆಂಡಿನ ನಿಕೊ ಟಿನ್‌ಬರ್ಗೆನ್ 1930ರ ದಶಕದಲ್ಲಿ ಮರಳಿನಲ್ಲಿ ಬಿಲ ತೋಡುವ ಕಣಜವೊಂದು ತನ್ನ ಮನೆಯನ್ನು ಹೇಗೆ ಗುರುತಿಸುತ್ತದೆಂದು ತಿಳಿಯಲು ಬಿಲದ ಸುತ್ತ ಪೈನ್ ಮರದ ಕಾಯಿಗಳನ್ನು ವೃತ್ತಾಕಾರವಾಗಿ ಜೋಡಿಸಿದರು. ಕಣಜ ಹೊರಗೆ ಹೋದಾಗ ಆ ವೃತ್ತವನ್ನು ತುಸು ದೂರ ಸರಿಸಿದರು. ಮರಳಿ ಬಂದ ಕಣಜ ಹೋದದ್ದು ಬಿಲಕ್ಕಲ್ಲ, ಕಾಯಿಗಳ ನಡುವಿಗೆ. ಆಸ್ಟ್ರಿಯಾದ ಕಾರ್ಲ್ ಫಾನ್ ಫ್ರಿಶ್ ಬೂದು ಬಣ್ಣದ ಹಲವು ರಟ್ಟುಗಳ ನಡುವೆ ಒಂದು ನೀಲಿ ರಟ್ಟಿಟ್ಟು, ಅದರ ಮೇಲೆ ಮಾತ್ರ ಸಕ್ಕರೆ ನೀರಿಟ್ಟು, ಜೇನ್ನೊಣಕ್ಕೆ ಬಣ್ಣ ಕಾಣುತ್ತದೆಂದು ತೋರಿಸಿದರು. ಇವರಿಬ್ಬರೂ ಕೊನ್ರಾಡ್ ಲೊರೆಂಜ್ ಜತೆಗೆ 1973ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ತುಡುವೆ ಜೇನಿನ ಪೆಟ್ಟಿಗೆ ಪುತ್ತೂರು ಸೀಮೆಯ ತೋಟಗಳಿಗೆ ಹೊಸದಲ್ಲ. ಬೂದು ರಟ್ಟು, ನೀಲಿ ರಟ್ಟು, ಸಕ್ಕರೆ ನೀರಿನಿಂದ ಫ್ರಿಶ್ ಮಾಡಿದ ಪ್ರಯೋಗವನ್ನು ಯಾವುದೇ ಕಾಲೇಜಿನ ಅಂಗಳದಲ್ಲಿ ಒಂದು ವಾರದಲ್ಲಿ ಮಾಡಬಹುದು. ಬೂದು ರಟ್ಟುಗಳು ಏಕೆ ಬೇಕು, ಒಂದೇ ಬೂದು ಸಾಲದೇ, ನೀಲಿ ರಟ್ಟಿನ ಜಾಗವನ್ನು ಪ್ರತಿಸಲ ಏಕೆ ಬದಲಿಸಬೇಕು ಎಂದು ವಿದ್ಯಾರ್ಥಿಯೇ ಯೋಚಿಸಿದರೆ ಪ್ರಯೋಗ ವಿನ್ಯಾಸದ ಒಂದು ಅಧ್ಯಾಯವೇ ಮುಗಿದಂತೆ.

ಕರಾವಳಿಯ ಕಪ್ಪೆಗಳು ಕಲಿಸಿದ್ದು

ಸಣ್ಣ ಊರಿನಲ್ಲಿ, ಮನೆಯ ಹಿತ್ತಲಿನಲ್ಲಿ ಹೊಸದೇನು ಸಿಕ್ಕೀತು ಎಂಬ ಸಂಶಯಕ್ಕೆ ಕರಾವಳಿಯ ಕಪ್ಪೆಗಳೇ ಉತ್ತರ ಕೊಟ್ಟಿವೆ. 2009ರಲ್ಲಿ ಮಂಗಳೂರು ಸಮೀಪದಿಂದ ವಿವರಿಸಲಾದ ಕಪ್ಪೆಯೊಂದಕ್ಕೆ ಯೂಫ್ಲಿಕ್ಟಿಸ್ ಅಲೋಶಿಯೈ ಎಂದು ಹೆಸರಿಡಲಾಯಿತು. ಸಂತ ಅಲೋಶಿಯಸ್ ಕಾಲೇಜಿನ ಗೌರವಾರ್ಥ ಬಂದ ಹೆಸರದು. ಕಾಲೇಜೊಂದರ ಹೆಸರನ್ನು ಕಪ್ಪೆಯೊಂದು ಹೊತ್ತು ಸಾಗುವ ಪ್ರಸಂಗ ವಿಜ್ಞಾನದಲ್ಲಿ ದಿನನಿತ್ಯ ನಡೆಯುವಂಥದ್ದಲ್ಲ. ಜಪಾನಿನ ವಿಜ್ಞಾನಿಗಳೂ ಆ ಅಧ್ಯಯನದಲ್ಲಿ ಸಹಭಾಗಿಗಳಾಗಿದ್ದರು.

2016ರಲ್ಲಿ ಮಣಿಪಾಲದ ಮುರಕಲ್ಲು ಬಯಲಿನಿಂದ ಹೆಬ್ಬೆರಳಿನ ತುದಿಯಷ್ಟು ಗಾತ್ರದ ಮೈಕ್ರೊಹೈಲಾ ಲ್ಯಾಟರೈಟ್ ವರದಿಯಾಯಿತು. ಹೆಸರು ಬಂದದ್ದು ಅದು ವಾಸಿಸುವ ಮುರಕಲ್ಲಿನಿಂದಲೇ. ಅದರ ಕೂಗು ಮಿಡತೆಯಂಥ ಕೀಟದ ಸದ್ದೆಂದೇ ತೋರುತ್ತದೆ. ಪ್ರಕೃತಿ ವೀಕ್ಷಕ ರಮಿತ್ ಸಿಂಗಲ್ ಅದನ್ನು ಗಮನಿಸಿದ ಮೇಲೆ ಕೆ. ಎಸ್. ಶೇಷಾದ್ರಿ, ಕೆ. ವಿ. ಗುರುರಾಜ ಮೊದಲಾದ ತಜ್ಞರು ಜತೆಗೂಡಿ ಅಧ್ಯಯನ ಪೂರ್ಣಗೊಳಿಸಿದರು. ಅದೇ ವರ್ಷ ಪಶ್ಚಿಮ ಕರಾವಳಿಯಿಂದ ವಿವರಿಸಿದ ಇನ್ನೊಂದು ಕಪ್ಪೆಗೆ 'ಕರಾವಳಿ' ಎಂಬ ಕನ್ನಡದ ಹೆಸರೇ ದೊರೆಯಿತು. ಅದನ್ನು ಮೊದಲು ಗುರುತಿಸಿದವರಲ್ಲಿ ಒಬ್ಬರು ಉತ್ತರ ಕನ್ನಡದ ಅರಣ್ಯ ರಕ್ಷಕ ಸಿ. ಆರ್. ನಾಯ್ಕ. ಸಂಶೋಧನಾ ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಅವರ ಹೆಸರೂ ಇದೆ.

ಅದಕ್ಕೂ ಎರಡು ವರ್ಷ ಮೊದಲು, 2014ರಲ್ಲಿ ಗುರುರಾಜ ಮತ್ತು ಸಂಗಡಿಗರು ವಿವರಿಸಿದ 'ಕುಂಬಾರ' ಕಪ್ಪೆಯ ವಿಚಾರವೂ ಹೀಗೆಯೇ. ಹೊಳೆಯ ಬದಿಯಲ್ಲಿ ಮೊಟ್ಟೆಯಿಟ್ಟ ಬಳಿಕ ಗಂಡು ಕಪ್ಪೆ ಮುಂಗಾಲುಗಳಿಂದ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಇದನ್ನು ಕಂಡುಕೊಳ್ಳಲು ಕತ್ತರಿ ಬೇಕಿರಲಿಲ್ಲ. ರಾತ್ರಿಯಿಡೀ ಹೊಳೆಯ ಬದಿ ಕಾಯುವ ಮನಸ್ಸು ಬೇಕಿತ್ತು. ಎಷ್ಟು ಕಪ್ಪೆಗಳನ್ನು ಬಿಡಿಸಿದ್ದರೂ ತಟ್ಟೆಯ ಮೇಲಿನ ಕಪ್ಪೆ ಈ ಸಂಗತಿಯನ್ನು ಹೇಳುತ್ತಿರಲಿಲ್ಲ.

ಗೇರು ಮರದಡಿಯ ಒಂದು ಪಾಠ

ನರಿಮೊಗರಿನ ವಿದ್ಯಾರ್ಥಿಗೆ ಇನ್ನೂ ಹತ್ತಿರದ ವಿಷಯವೊಂದಿದೆ. ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ ಕೇಂದ್ರ ಸರ್ಕಾರದ ಗೇರು ಸಂಶೋಧನಾ ನಿರ್ದೇಶನಾಲಯವಿದೆ. 1986ರಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರವಾಗಿ ಆರಂಭವಾದ ಸಂಸ್ಥೆಯಿದು. ಗೇರಿನ ದೊಡ್ಡ ಶತ್ರುಗಳೆಂದರೆ ಕಾಂಡ ಮತ್ತು ಬೇರು ಕೊರೆಯುವ ಹುಳು ಹಾಗೂ ಟೀ ಸೊಳ್ಳೆ. ಹೆಸರು ಸೊಳ್ಳೆಯಾದರೂ ಇದು ರಸ ಹೀರುವ ತಿಗಣೆಯ ಜಾತಿಯ ಕೀಟ. ಮಳೆ ನಿಂತು ಗೇರು ಚಿಗುರುವ ಕಾಲಕ್ಕೆ ಬಂದು ಎಳೆ ಚಿಗುರು, ಹೂಗೊಂಚಲು, ಎಳೆಕಾಯಿಗಳ ರಸ ಹೀರುತ್ತದೆ. ಹೀರಿದ ಜಾಗ ಕಪ್ಪಾಗಿ ಒಣಗುತ್ತದೆ. ಹಾವಳಿ ಹೆಚ್ಚಾದ ವರ್ಷ ಮರವೇ ಸುಟ್ಟಂತೆ ಕಾಣುವುದನ್ನು ಈ ಭಾಗದ ಕೃಷಿಕರು ಬಲ್ಲರು.

ಅದೇ ಮರದಲ್ಲಿ ಎಲೆಗಳನ್ನು ಸೇರಿಸಿ ಗೂಡು ಹೊಲಿಯುವ ಚಗಳಿ ಇರುವೆಯೂ ಇರುತ್ತದೆ. ಕೆಲಸಗಾರ ಇರುವೆಗಳು ಸಾಲಾಗಿ ನಿಂತು ಎಲೆಯಂಚುಗಳನ್ನು ಎಳೆದು ಹಿಡಿಯುತ್ತವೆ. ಉಳಿದವು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಹಿಡಿದು, ಅವು ಒಸರುವ ರೇಷ್ಮೆ ನೂಲಿನಿಂದ ಎಲೆಗಳನ್ನು ಬೆಸೆಯುತ್ತವೆ. ಇದು ಮರದ ಮೇಲಿನ ಇತರ ಕೀಟಗಳನ್ನು ಬೇಟೆಯಾಡುತ್ತದೆ. ಉತ್ತರ ಆಸ್ಟ್ರೇಲಿಯಾದ ಗೇರು ತೋಟಗಳಲ್ಲಿ ರೆಂಕಾಂಗ್ ಪೆಂಗ್ ಮತ್ತು ಕೀತ್ ಕ್ರಿಶ್ಚಿಯನ್ 1990ರ ದಶಕದಿಂದ ನಡೆಸಿದ ಅಧ್ಯಯನಗಳು ಚಗಳಿಯಿರುವ ಮರಗಳಿಗೆ ಟೀ ಸೊಳ್ಳೆ ಜಾತಿಯ ಕೀಟಗಳ ಬಾಧೆ ಕಡಿಮೆಯೆಂದು ತೋರಿಸಿವೆ.

ನಮ್ಮ ತೋಟದಲ್ಲೂ ಹಾಗೆಯೇ? ಇದು ಪದವಿ ವಿದ್ಯಾರ್ಥಿ ಕೇಳಬಹುದಾದ, ಒಂದು ಸೆಮಿಸ್ಟರಿನಲ್ಲಿ ಉತ್ತರಿಸಲು ಯತ್ನಿಸಬಹುದಾದ ಪ್ರಶ್ನೆ. ಚಗಳಿ ಗೂಡಿರುವ 20 ಮರ, ಇಲ್ಲದ 20 ಮರ ಆಯ್ದುಕೊಳ್ಳುವುದು. ಪ್ರತಿ ಮರದ ನಾಲ್ಕು ದಿಕ್ಕಿನಿಂದಲೂ ನಿಗದಿತ ಸಂಖ್ಯೆಯ ಚಿಗುರುಗಳನ್ನು ನೋಡಿ, ಎಷ್ಟರಲ್ಲಿ ಕಪ್ಪು ಕಲೆಯಿದೆಯೆಂದು ಎಣಿಸುವುದು. ವಾರಕ್ಕೊಮ್ಮೆ ಹೀಗೆ ಎರಡು ಮೂರು ತಿಂಗಳು. ಬೇಕಾದದ್ದು ನೋಟ್ ಪುಸ್ತಕ, ಮರಕ್ಕೆ ಕಟ್ಟಲು ಸಂಖ್ಯೆಯ ಚೀಟಿ, ಬಸ್ಸಿನ ಖರ್ಚು.

ನಿಜವಾದ ಪಾಠ ಆರಂಭವಾಗುವುದು ಎಣಿಕೆ ಮುಗಿದ ಮೇಲೆ. ಚಗಳಿಯಿರುವ ಮರದಲ್ಲಿ ಕಲೆ ಕಡಿಮೆಯೆಂದು ಕಂಡುಬಂತು ಎನ್ನೋಣ. ಇರುವೆಯಿಂದಲೇ ಹಾಗಾಯಿತೆಂದು ಹೇಳಬಹುದೇ? ಆರೋಗ್ಯವಂತ, ದಟ್ಟ ಎಲೆಯ ಮರವನ್ನೇ ಇರುವೆ ಮೊದಲಿಗೆ ಆರಿಸಿಕೊಂಡಿದ್ದರೆ? ಇರುವೆಯಿಲ್ಲದ ಮರಗಳಿಗೆ ತೋಟದವರು ಹಿಂದಿನ ತಿಂಗಳು ಔಷಧಿ ಹೊಡೆದಿದ್ದು ಅದರಿಂದ ಇರುವೆ ಸತ್ತಿದ್ದರೆ? ಸಂಬಂಧ ಬೇರೆ, ಕಾರಣ ಬೇರೆ ಎಂಬ ವಿವೇಕ ಇಲ್ಲಿ ಮೂಡುತ್ತದೆ. ಸಂಶಯ ಪರಿಹಾರಕ್ಕೆ ಮುಂದಿನ ಹಂತವೆಂದರೆ ಒಂದೇ ಮರದಲ್ಲಿ ಚೀಟಿಯೆತ್ತಿ ಕೆಲವು ಕೊಂಬೆಗಳನ್ನು ಆರಿಸಿ, ಅವುಗಳ ಬುಡಕ್ಕೆ ಅಂಟು ಪಟ್ಟಿ ಸುತ್ತಿ ಇರುವೆಯನ್ನು ತಡೆದು, ಉಳಿದ ಕೊಂಬೆಗಳೊಡನೆ ಹೋಲಿಸುವುದು. ಚಗಳಿಯಿಂದ ತೊಂದರೆಯೂ ಇದೆ. ಅದು ಹಿಟ್ಟು ತಿಗಣೆಯಂಥ ಕೀಟಗಳನ್ನು ಪೋಷಿಸುತ್ತದೆ, ಕೊಯ್ಲಿನವರನ್ನು ಕಚ್ಚುತ್ತದೆ. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗಲೇ ಉತ್ತರ ಪೂರ್ಣ.

ಅಂತಿಮವಾಗಿ ಫಲಿತಾಂಶ ಏನೇ ಬಂದರೂ ಈ ವಿದ್ಯಾರ್ಥಿ ಕಲಿತಿರುವುದು ಪರಿಸರ ವಿಜ್ಞಾನ, ಕೀಟಶಾಸ್ತ್ರ, ಸಂಖ್ಯಾಶಾಸ್ತ್ರ ಮೂರನ್ನೂ. ಮೇಲಾಗಿ ಮನೆಯವರು ಊಟದ ಹೊತ್ತಿಗೆ ಕೇಳುವ ಪ್ರಶ್ನೆಗೆ ಕಾಲೇಜಿನಲ್ಲಿ ಕಲಿತದ್ದರಿಂದ ಉತ್ತರ ಹೇಳುವ ಅನುಭವ ಆತನಿಗೆ ಅಥವಾ ಆಕೆಗೆ ಬಹುಶಃ ಮೊದಲ ಬಾರಿ ದೊರೆತಿರುತ್ತದೆ. ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ ದಶಕಗಳಿಂದ ಕೆಲಸ ಮಾಡುತ್ತಿರುವ ಬೇರುಹುಳುವಿನಂಥ ಸಮಸ್ಯೆಗಳೂ ಇದೇ ಬಗೆಯ ಪಾಠಗಳನ್ನು ತೋಟದಲ್ಲೇ ತೆರೆದಿಟ್ಟಿವೆ.

ಉಪನ್ಯಾಸ ಕೇಳಿದರೆ ಸಾಲದು

ಹೀಗೆ ಮಾಡಿ ಕಲಿಯುವುದರಿಂದ ಪಾಠ ಹಿಂದುಳಿಯುವುದಿಲ್ಲವೇ ಎಂಬ ಆತಂಕ ಸಹಜ. ಅಮೆರಿಕದ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ ವಿಜ್ಞಾನ, ತಂತ್ರಜ್ಞಾನ, ಗಣಿತ ವಿಷಯಗಳ ಪದವಿ ಬೋಧನೆಯ ಕುರಿತ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಬರಿಯ ಉಪನ್ಯಾಸವಿದ್ದ ತರಗತಿಗಳಲ್ಲಿ ಅನುತ್ತೀರ್ಣರಾದವರ ಪ್ರಮಾಣ ಸರಾಸರಿ ಶೇ. 33.8. ವಿದ್ಯಾರ್ಥಿಗಳು ತಾವೇ ಚರ್ಚಿಸುವ, ಬಿಡಿಸುವ, ಮಾಡುವ ಅವಕಾಶವಿದ್ದ ತರಗತಿಗಳಲ್ಲಿ ಅದು ಶೇ. 21.8. ಪರೀಕ್ಷೆಯ ಅಂಕಗಳೂ ಉತ್ತಮಗೊಂಡಿದ್ದವು. ಅಂದರೆ ಮಾಡಿ ಕಲಿತವರು ಪರೀಕ್ಷೆಯಲ್ಲೂ ಹಿಂದೆ ಬೀಳಲಿಲ್ಲ.

ನಮ್ಮ ದೇಶದಲ್ಲೂ ಪ್ರಯತ್ನಗಳು ನಡೆಯದೆ ಇಲ್ಲ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2008ರಲ್ಲಿ ಪದವಿ ಕಾಲೇಜುಗಳ ವಿಜ್ಞಾನ ವಿಭಾಗಗಳನ್ನು ಬಲಪಡಿಸಲು 'ಸ್ಟಾರ್ ಕಾಲೇಜ್' ಯೋಜನೆ ಆರಂಭಿಸಿತು. ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವು ಹಣ್ಣಿನ ನೊಣದಂಥ ಸರಳ ಜೀವಿಗಳನ್ನು ಸಾಕಿ, ಕಾಲೇಜು ವಿದ್ಯಾರ್ಥಿಗಳೇ ಸಂಶೋಧನೆ ಮಾಡುವ ಸಹಯೋಗ ಕಾರ್ಯಕ್ರಮ ರೂಪಿಸಿತು. ಮೈಸೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹಣ್ಣಿನ ನೊಣಗಳ ತಳಿ ಸಂಗ್ರಹ ಕೇಂದ್ರವೇ ಇದೆ. ಬೆಂಗಳೂರಿನ ಅಕಾಡೆಮಿಯೂ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಬೇಸಿಗೆ ಸಂಶೋಧನಾ ಫೆಲೋಶಿಪ್ ನೀಡುತ್ತ ಬಂದಿವೆ. ಈ ಅವಕಾಶಗಳ ಸುದ್ದಿ ಮಹಾನಗರದ ಕಾಲೇಜುಗಳಿಗೆ ತಲುಪುವಷ್ಟು ಸುಲಭವಾಗಿ ಗ್ರಾಮಾಂತರದ ಕಾಲೇಜುಗಳಿಗೆ ತಲುಪಬೇಕು ಎಂಬುದಷ್ಟೇ ಕೊರತೆ.

ತೊಡಕುಗಳೂ ಇವೆ

ಇದೆಲ್ಲ ಹೇಳಿದಷ್ಟು ಸುಲಭವಲ್ಲ. ಮೊದಲನೆಯದು ಕಾಲ. ಸೆಮಿಸ್ಟರಿನ ತರಗತಿ ದಿನಗಳು ಮಿತ. ಕಣಜವಾಗಲಿ ಕಪ್ಪೆಯಾಗಲಿ ವೇಳಾಪಟ್ಟಿ ನೋಡಿ ವರ್ತಿಸುವುದಿಲ್ಲ. ಎರಡನೆಯದು ಪಾಠಕ್ರಮದ ಅಸ್ಥಿರತೆ. ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ವ್ಯವಸ್ಥೆ ಬಂತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ಹೊಸ ಪಾಠಪಟ್ಟಿಗೆ ಹೊಂದಿಕೊಳ್ಳುವುದರಲ್ಲೇ ಅಧ್ಯಾಪಕರ ಸಮಯ ಕಳೆಯಿತು. ಮೂರನೆಯದು ಅತಿಥಿ ಉಪನ್ಯಾಸಕರ ಸ್ಥಿತಿ. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೆಯೇ ಎಂಬ ಖಾತರಿಯಿಲ್ಲದ ಅಧ್ಯಾಪಕರಿಂದ ಎರಡು ವರ್ಷದ ಕಣಜದ ಅಧ್ಯಯನವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಕಾನೂನು ಮತ್ತು ಸುರಕ್ಷತೆಯನ್ನೂ ಮರೆಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುವ ಪ್ರಾಣಿಗಳನ್ನು ಅನುಮತಿಯಿಲ್ಲದೆ ಹಿಡಿಯುವುದು ಅಪರಾಧ. ಬೆನ್ನುಮೂಳೆಯುಳ್ಳ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಲು ನೈತಿಕ ಸಮಿತಿಯ ಒಪ್ಪಿಗೆ ಬೇಕು. ಆದರೆ ಅಡಿಕೆ ತೋಟದ ಅಂಚಿನಲ್ಲಿ ನಿಂತು, ಹಾರುವ ಓತಿ ಯಾವ ಹೊತ್ತಿನಲ್ಲಿ ಎಷ್ಟು ಬಾರಿ ಮರದಿಂದ ಮರಕ್ಕೆ ತೇಲಿತು, ಗಂಡು ಎಷ್ಟು ಸಲ ಗಂಟಲಿನ ಹಳದಿ ಚೀಲ ಬಿಚ್ಚಿತು ಎಂದು ಬರೆದುಕೊಳ್ಳಲು ಅದನ್ನು ಮುಟ್ಟಬೇಕಾಗಿಯೇ ಇಲ್ಲ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಓದಿದ ಕನ್ನಡಿಗರಿಗೆ ಈ ಓತಿ ಅಪರಿಚಿತವೇನಲ್ಲ. ಕಣಜದ ಗೂಡನ್ನು ದೂರದಿಂದ, ಅಲುಗಿಸದೆ ನೋಡುವುದು ಅಧ್ಯಾಪಕರು ಮೊದಲ ದಿನವೇ ಕಲಿಸಬೇಕಾದ ಶಿಸ್ತು.

ನಾಲ್ಕನೆಯ ತೊಡಕು ಅಂಕದ್ದು, ಬಹುಶಃ ಎಲ್ಲಕ್ಕಿಂತ ದೊಡ್ಡದು. ಪರೀಕ್ಷಕರಿಗೆ ಸುಲಭವಾಗಿ ಅಳೆಯಲು ಬರುವುದು ಚಿತ್ರ ಮತ್ತು ಹೆಸರು. ಒಂದು ತಿಂಗಳ ವೀಕ್ಷಣೆಯ ಟಿಪ್ಪಣಿಯನ್ನು, ಅದರಲ್ಲೂ 'ನನ್ನ ಊಹೆ ತಪ್ಪಾಯಿತು' ಎಂದು ಮುಗಿಯುವ ಟಿಪ್ಪಣಿಯನ್ನು ಅಳೆಯುವುದು ಕಷ್ಟ. ಪ್ರಾಯೋಗಿಕ ಅಂಕಗಳಲ್ಲಿ ಒಂದು ಪಾಲನ್ನಾದರೂ ಇಂಥ ಸ್ವಂತ ವೀಕ್ಷಣೆಗೆ ಮೀಸಲಿಟ್ಟು, ತಾರೀಖು, ಸಮಯ, ಹವೆ, ಎಣಿಕೆಯಿರುವ ಟಿಪ್ಪಣಿಯನ್ನೇ ದಾಖಲೆಯೆಂದು ಒಪ್ಪಿಕೊಂಡರೆ ಹಳೆಯ ರೆಕಾರ್ಡ್ ಪುಸ್ತಕದ ನಕಲು ತಾನಾಗಿಯೇ ನಿಲ್ಲುತ್ತದೆ. ಏಕೆಂದರೆ ಕಳೆದ ವರ್ಷದ ಕಣಜ ಈ ವರ್ಷ ಅದನ್ನೇ ಮಾಡುವುದಿಲ್ಲ.

ಕಾರಂತರ ಊರಿನಲ್ಲಿ

ಭಾಷೆಯ ಮಾತನ್ನೂ ಹೇಳಲೇಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗೆ ಪದವಿಯ ಜೀವಶಾಸ್ತ್ರ ಮೊದಲು ಎದುರಾಗುವುದು ಲ್ಯಾಟಿನ್ ಹೆಸರುಗಳ ಗೋಡೆಯಾಗಿ. ಅದೇ ವಿದ್ಯಾರ್ಥಿಗೆ ಚಗಳಿ, ತುಡುವೆ, ಓತಿಗಳ ಕುರಿತು ಮನೆಯಲ್ಲೇ ಗಳಿಸಿದ ಜ್ಞಾನವಿರುತ್ತದೆ. ತರಗತಿಯಲ್ಲಿ ಅದಕ್ಕೆ ಜಾಗವಿಲ್ಲ. ವೀಕ್ಷಣೆಯ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯಲು ಬಿಟ್ಟರೆ ಗೋಡೆಯಲ್ಲಿ ಒಂದು ಬಾಗಿಲು ತೆರೆದಂತಾಗುತ್ತದೆ.

ಈ ಮಾತಿಗೆ ಪುತ್ತೂರಿಗಿಂತ ಯೋಗ್ಯವಾದ ಸ್ಥಳ ಬೇರಿಲ್ಲ. ದೀರ್ಘಕಾಲ ಪುತ್ತೂರಿನ ಬಾಲವನದಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನೂ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಕನ್ನಡಕ್ಕೆ ಕೊಟ್ಟರು. 1958ರಲ್ಲಿ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು ಆರಂಭವಾದ ಮೇಲೆ ಈ ಸೀಮೆಯ ಹಳ್ಳಿಗಳ ಮಕ್ಕಳಿಗೆ ಪದವಿ ಶಿಕ್ಷಣ ಮನೆಬಾಗಿಲಿಗೆ ಬಂತು. ಗೇರು ಸಂಶೋಧನಾ ಸಂಸ್ಥೆ ಊರೊಳಗಿದೆ, ಅಡಿಕೆ ಸಂಶೋಧನಾ ಕೇಂದ್ರ ನೆರೆಯಲ್ಲಿದೆ. ಕಾಲೇಜು, ಸಂಶೋಧನಾ ಸಂಸ್ಥೆ, ತೋಟ ಮೂರೂ ಇಷ್ಟು ಹತ್ತಿರವಿರುವ ಊರುಗಳು ನಾಡಿನಲ್ಲಿ ಹೆಚ್ಚಿಲ್ಲ. ಈ ಮೂರರ ನಡುವೆ ಓಡಾಡಬೇಕಾದವರು ವಿದ್ಯಾರ್ಥಿಗಳು.

ಬೆಂಗಳೂರಿನ ಕಾಲೇಜೊಂದರ ಕಿಟಕಿಯಲ್ಲಿದ್ದ ಕಣಜ ಜಗತ್ತಿನ ವಿಜ್ಞಾನಕ್ಕೆ ಒಂದು ಅಧ್ಯಾಯವನ್ನೇ ಸೇರಿಸಿತು. ಅದನ್ನು ಅಂದು ಒಬ್ಬ ವಿದ್ಯಾರ್ಥಿ ನಿಂತು ನೋಡಿದ್ದೇ ಅದಕ್ಕೆ ಕಾರಣ. ನರಿಮೊಗರಿನ ಮಾಡಿನಂಚುಗಳಲ್ಲೂ ಕಣಜಗಳು ಈಗಾಗಲೇ ತಮ್ಮ ಕೆಲಸ ಆರಂಭಿಸಿವೆ. ನಾಳೆ ಬೆಳಿಗ್ಗೆ ಬಸ್ಸಿಗೆ ಕಾಯುವ ವಿದ್ಯಾರ್ಥಿ ಹತ್ತು ನಿಮಿಷ ತಲೆಯೆತ್ತಿ ನೋಡಿ, ಕಂಡದ್ದನ್ನು ಬರೆದುಕೊಂಡು ತರಗತಿಗೆ ಹೋದರೆ, ಅಧ್ಯಾಪಕರು ಆ ಪುಟವನ್ನು ತೆರೆದು ಓದುವರೇ ಎಂಬುದಷ್ಟೇ ಉಳಿದಿರುವ ಪ್ರಶ್ನೆ.